ಗೇರುಸೊಪ್ಪೆ ಎಂಬ ಹಡಗು

ನಮ್ಮೂರು ನರಿಕೊಂಬು ಕಡಲನ್ನು ಕಾಣದ ಊರು. ಆದರೆ ಕಡಲಿನ ಸುದ್ದಿಯನ್ನು ಕೇಳದ ಊರೆಂದು ಅದನ್ನು ಹೇಳಲಾಗದು. ಪಾಣೆಮಂಗಳೂರಿನ ಮಗ್ಗುಲಲ್ಲಿ ಕಂಗಿನ ತೋಟಗಳನ್ನೂ ಬೈಲುಗದ್ದೆಗಳನ್ನೂ ಬಳಸಿ ಹರಿಯುವ ನೇತ್ರಾವತಿಯು, ಘಟ್ಟದ ಮೇಲಿನ ಸರಕು ಬಂಟ್ವಾಳಪೇಟೆಗೆ ಗಾಡಿಗಳಲ್ಲಿ ಇಳಿದು ಅಲ್ಲಿಂದ ದೋಣಿಯೇರಿ ಮಂಗಳೂರಿನ ಬಂದರಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಸಾಮಾನನ್ನು ಮಾತ್ರವಲ್ಲದೆ ಆಳುಗಳನ್ನೂ ಕೆಳಕ್ಕೆ ಒಯ್ಯುತ್ತಿದ್ದಿತು. ಅಳಿವೆ ದಾಟಿದ ಮೇಲೆ ಮಂಜಿ, ಪತ್ತೆಮಾರಿ, ಆಮೇಲೆ ಹೊಗೆಹಡಗು, ಕಡೆಗೆ ಬೊಂಬಾಯಿ. ಹಾಗೆ ಹೋದವರಲ್ಲಿ ಕೆಲವರು ಮನಿಯಾರ್ಡರು ಕಳುಹಿಸಿದರು, ಕೆಲವರು ಹೋಟೆಲು ತೆರೆದರು, ಕೆಲವರ ಸುದ್ದಿ ನಿಂತುಹೋಯಿತು. ಸುದ್ದಿ ನಿಂತವನಿಗೆ ಶಾಸ್ತ್ರದಲ್ಲಿ ದಾರಿಯುಂಟು. ಶರೀರ ದೊರೆಯದಿದ್ದರೆ ದರ್ಭೆಯಿಂದಲೋ ಮುತ್ತುಗದ ಎಲೆಗಳಿಂದಲೋ ಪ್ರತಿಕೃತಿಯನ್ನು ಮಾಡಿ ದಹಿಸಿ, ಉಪ್ಪಿನಂಗಡಿಯ ಸಂಗಮದಲ್ಲಿ ಪಿಂಡವಿಡಬಹುದು. ಪಾಣೆಮಂಗಳೂರಿನ ಮುಸಲ್ಮಾನ ನೆರೆಯವರಲ್ಲಿಯೂ, ಎದುರಿಗೆ ಮಯ್ಯತ್ ಇಲ್ಲದಿದ್ದರೂ ದೂರದಲ್ಲಿ ಸತ್ತವನ ಪಾಲಿನ ನಮಾಝನ್ನು ಸಲ್ಲಿಸುವ ಪದ್ಧತಿಯಿದೆ. ಕ್ರಿಯೆಗಳಿಗೆ ಹೀಗೆ ಕೊರತೆಯಿಲ್ಲ. ಕೊರತೆಯಿರುವುದು ಕಲ್ಲಿಗೆ, ಗೋರಿಯೂ ಬೂದಿಯೂ ಇಲ್ಲದವನ ಹೆಸರನ್ನು ಎಲ್ಲಿ ಕೊರೆಯಬೇಕೆಂಬ ಪ್ರಶ್ನೆಗೆ ಉತ್ತರವನ್ನು ಯಾವ ಪುರೋಹಿತರೂ ಯಾವ ಮುಸ್ಲಿಯಾರರೂ ಹೇಳಿಕೊಡಲಾರರು.

ಈ ಪ್ರಶ್ನೆ ನನ್ನನ್ನು ಹಿಡಿದುದು ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ. ಅಲ್ಲಿನ ಸಮಾಧಿಗಳನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ: ಮುರಕಲ್ಲಿನಲ್ಲಿ ಅಂತಸ್ತು ಅಂತಸ್ತಾಗಿ ಮೇಲೆದ್ದು, ಪ್ರತಿಯೊಂದು ನೆಲೆಗೂ ಚಾಚಿದ ಕಪೋತವನ್ನು ಹೊತ್ತು, ನೆತ್ತಿಯಲ್ಲಿ ಕಲಶವನ್ನು ಧರಿಸಿ ಸಾಲಾಗಿ ನಿಂತಿರುವ ಹದಿನೆಂಟು ಕಟ್ಟಡಗಳು. ಮುನಿಗಳವೆಂದು ಜನ ನಂಬುತ್ತಾರೆ. ಸಿರಿವಂತ ಜೈನ ವರ್ತಕರವೆಂದು ಬಲ್ಲವರು ಹೇಳುತ್ತಾರೆ. ಇವುಗಳಲ್ಲಿ ಶಾಸನವಿರುವುದು ಎರಡಕ್ಕೆ ಮಾತ್ರ. ಇಷ್ಟು ಕಲ್ಲನ್ನು ಕಡಿದು, ಇಷ್ಟು ದೂರ ಹೊತ್ತು, ಇಷ್ಟು ಅಂದವಾಗಿ ಜೋಡಿಸಿದವರು, ಒಂದು ಹೆಸರನ್ನು ಕೊರೆಯುವಷ್ಟು ಶ್ರಮವನ್ನು ಉಳಿಸಿಕೊಂಡುದೇಕೆ? ತಮ್ಮೂರಿನಲ್ಲಿ ಸತ್ತವನ ಹೆಸರು ತಮಗೆ ಮರೆಯದೆಂಬ ಧೈರ್ಯ ಅವರಿಗಿದ್ದಿರಬೇಕು. ಆ ಧೈರ್ಯ ಎಷ್ಟು ತಲೆಮಾರು ಬಾಳೀತೆಂಬುದನ್ನು ಆ ಹದಿನಾರು ಮೂಕ ಸಮಾಧಿಗಳೇ ಹೇಳುತ್ತಿವೆ.

ಅದೇ ದಿನಗಳಲ್ಲಿ, ಗೇರುಸೊಪ್ಪೆ ಎಂಬ ಹೆಸರಿನ ಹಡಗೊಂದು ಅಟ್ಲಾಂಟಿಕ್ ಮಹಾಸಾಗರದ ತಳದಲ್ಲಿ ಮಲಗಿದೆಯೆಂಬ ವೃತ್ತಾಂತವನ್ನು ನಾನು ಓದಿದೆನು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯವರು ತಮ್ಮ ಹಡಗುಗಳಿಗೆ ಈ ದೇಶದ ಊರುಗಳ ಹೆಸರನ್ನು ಇಡುವ ರೂಢಿಯುಳ್ಳವರಾಗಿದ್ದರು. 1919ರಲ್ಲಿ ಇಂಗ್ಲೆಂಡಿನ ಜ್ಯಾರೋ ಎಂಬಲ್ಲಿ ನಿರ್ಮಾಣವಾದ ಐದು ಸಾವಿರ ಟನ್ನಿಗೂ ಮಿಕ್ಕ ಆ ಸರಕುಹಡಗಿಗೆ, ಜೋಗದ ಜಲಪಾತವನ್ನು ಗೇರುಸೊಪ್ಪೆಯ ಜಲಪಾತವೆಂದೇ ಕರೆಯುತ್ತಿದ್ದ ಯಾವನೋ ದೊರೆಯ ನೆನಪಿನಿಂದ ಆ ಹೆಸರು ಬಂದಿತೋ ಏನೋ. 1940ರ ಡಿಸೆಂಬರಿನಲ್ಲಿ ಕಲ್ಕತ್ತೆಯಿಂದ ಬೀಡುಕಬ್ಬಿಣ, ಚಹಾ ಮತ್ತು ಬೆಳ್ಳಿಯನ್ನು ತುಂಬಿಕೊಂಡು ಹೊರಟ ಆ ಹಡಗು, ಆಫ್ರಿಕದ ಫ್ರೀಟೌನಿನಲ್ಲಿ ಬೆಂಗಾವಲಿನ ತಂಡವನ್ನು ಕೂಡಿಕೊಂಡು ಉತ್ತರಕ್ಕೆ ನಡೆದು, ಚಳಿಗಾಲದ ಬಿರುಗಾಳಿಯಲ್ಲಿ ಕಲ್ಲಿದ್ದಲು ಸಾಲದೆ ಬಂದುದರಿಂದ ತಂಡವನ್ನು ತೊರೆದು, ಐರ್ಲೆಂಡಿನ ಗಾಲ್ವೇ ಬಂದರದತ್ತ ಒಂಟಿಯಾಗಿ ತಿರುಗಿತು. 1941ರ ಫೆಬ್ರವರಿ 16ರ ರಾತ್ರಿ ಯು-101 ಎಂಬ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಅದರ ಬಲಮಗ್ಗುಲನ್ನು ಸೀಳಿತು. ಮುಂದಣ ಕೂವೆಮರ ಮುರಿದು ಬಿದ್ದಾಗ ನಿಸ್ತಂತುವಿನ ತಂತಿಯೂ ಹರಿದುದರಿಂದ ಸಹಾಯಕ್ಕಾಗಿ ಕೂಗುವ ಬಾಯಿಯೂ ಕಟ್ಟಿತು.

ಹಡಗಿನಲ್ಲಿದ್ದವರು ಎಂಬತ್ತಕ್ಕೂ ಮೇಲ್ಪಟ್ಟ ಮಂದಿ. ಅವರಲ್ಲಿ ಬಹುಸಂಖ್ಯಾತರು ನಮ್ಮ ದೇಶದ ಖಲಾಸಿಗಳು. ಎರಡನೆಯ ಅಧಿಕಾರಿ ರಿಚರ್ಡ್ ಏರ್ಸ್ ಎಂಬವನ ವಶದಲ್ಲಿದ್ದ ಒಂದು ದೋಣಿ ಮಾತ್ರ ಹದಿಮೂರು ದಿನ ತೇಲಿತು. ಕುಡಿಯುವ ನೀರು ತೀರಿತು, ಚಳಿಗೆ ಕೈಕಾಲುಗಳು ಮರಗಟ್ಟಿದವು. ಒಬ್ಬೊಬ್ಬರಾಗಿ ಸಾಯುತ್ತ, ಮಾರ್ಚ್ 1ರಂದು ಕಾರ್ನ್‌ವಾಲಿನ ಲಿಜರ್ಡ್ ಭೂಶಿರದ ಬಳಿ ದೋಣಿ ದಡವನ್ನು ಕಂಡಾಗ ಬೆರಳೆಣಿಕೆಯ ಜನ ಉಳಿದಿದ್ದರು. ದಡದ ತೆರೆಯೇ ಆ ದೋಣಿಯನ್ನು ಮಗುಚಿತು. ಬದುಕಿ ಮೇಲೆ ಬಂದವನು ಏರ್ಸ್ ಒಬ್ಬನೇ. ತೀರಕ್ಕೆ ಬಂದು ಬಿದ್ದ ಶವಗಳನ್ನು ಲ್ಯಾಂಡೆವೆಡ್ನಾಕ್ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಹೂಳಿದರು. ಉಳಿದವರಿಗೆ ಸಮುದ್ರವೇ ಗತಿಯಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಪೆಟ್ಟಿಗೆ ಕಟ್ಟುತ್ತಿರಲಿಲ್ಲ. ಎಪ್ಪತ್ತು ವರ್ಷಗಳಾದ ಮೇಲೆ, 2011ರಲ್ಲಿ, ಅಮೆರಿಕದ ಒಡಿಸ್ಸಿ ಎಂಬ ಕಂಪೆನಿ ಬ್ರಿಟಿಷ್ ಸರಕಾರದೊಡನೆ ಕರಾರು ಮಾಡಿಕೊಂಡು ಆ ಹಡಗನ್ನು ಹುಡುಕಿತು. ಅದು ಕಡಲ ಮೇಲ್ಮೈಯಿಂದ ಸುಮಾರು 4,700 ಮೀಟರು ಕೆಳಗೆ, ನಮ್ಮ ಕುದುರೆಮುಖದಂಥ ಎರಡು ಶಿಖರಗಳನ್ನು ಒಂದರ ಮೇಲೊಂದಿಟ್ಟರೂ ತಲೆ ಹೊರಗೆ ಕಾಣದಷ್ಟು ಆಳದಲ್ಲಿತ್ತು. ಆ ಆಳಕ್ಕೆ ಯಂತ್ರಗಳನ್ನಿಳಿಸಿ 2012ರಲ್ಲಿ 1,218 ಬೆಳ್ಳಿಯ ಗಟ್ಟಿಗಳನ್ನೂ, ಮರುವರ್ಷ ಮತ್ತೆ 1,574 ಗಟ್ಟಿಗಳನ್ನೂ, ಒಟ್ಟು ಸುಮಾರು 110 ಟನ್ ತೂಕದ ಬೆಳ್ಳಿಯನ್ನು ಮೇಲೆತ್ತಿದರು. ಆ ಬೆಳ್ಳಿಯಲ್ಲಿ ಒಂದಂಶವು ಬ್ರಿಟನ್ನಿನ ಟಂಕಸಾಲೆಯಲ್ಲಿ ನಾಣ್ಯಗಳಾಗಿ, ಅವುಗಳ ಅಂಚಿನಲ್ಲಿ ಹಡಗಿನ ಹೆಸರೂ ಮುದ್ರಿತವಾಯಿತು. ಬೆಳ್ಳಿಯೊಡನೆ ಬಂದ ಇನ್ನೊಂದು ವಸ್ತು ನನ್ನನ್ನು ಹೆಚ್ಚು ಕಲಕಿತು. ಬೆಳಕೂ ಗಾಳಿಯೂ ಸುಳಿಯದ ಸರಕುಕೋಣೆಯಲ್ಲಿ ಒತ್ತೊತ್ತಾಗಿ ಅಡಕಗೊಂಡಿದ್ದುದರಿಂದ ಕೊಳೆಯದೆ ಉಳಿದಿದ್ದ, ಭಾರತದಿಂದ ವಿಲಾಯತಿಗೂ ಅದರಾಚೆಗೂ ಬರೆದಿದ್ದ, ಏಳುನೂರಕ್ಕೂ ಹೆಚ್ಚು ಕಾಗದಗಳು. ಅವುಗಳನ್ನು ಒಣಗಿಸಿ, ಸಂರಕ್ಷಿಸಿ, 2018ರಲ್ಲಿ ಲಂಡನ್ನಿನ ಅಂಚೆಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. ಬೆಳ್ಳಿ ಒಡೆಯರಿಗೆ ಮುಟ್ಟಿತು; ಕಾಗದಗಳು ಓದುಗರಿಗೆ ಮುಟ್ಟಿದವು. ಖಲಾಸಿಗಳು ಮುಟ್ಟಿದುದು ಎಲ್ಲಿಗೆ ಎಂದು ಕೇಳಿಕೊಂಡು ನಾನು ಕೊಂಕಣ ರೈಲನ್ನು ಹತ್ತಿದೆನು.

ಬೊಂಬಾಯಿಯಲ್ಲಿ ಮಸ್ಜಿದ್ ಬಂದರದ ಬಳಿ ಭಾರತೀಯ ನಾವಿಕರ ವಸತಿಗೃಹವಿದೆ. ಆ ಬೀದಿಯ ಗದ್ದಲವನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. ಕೈಗಾಡಿಗಳ ನಡುವೆ ಜೀವಸಹಿತ ದಾಟಿದೆನೆಂದರೆ ಸಾಕು. ಎರಡನೆಯ ಮಹಾಯುದ್ಧದಲ್ಲಿ ಕಡಲಪಾಲಾದ ಅವಿಭಕ್ತ ಭಾರತದ ಸುಮಾರು 6,500 ನಾವಿಕರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರು ಎರಡು ಪುಸ್ತಕಗಳಲ್ಲಿ ಬರೆಯಿಸಿ, ಒಂದನ್ನು ಇಲ್ಲಿಯೂ ಅದರ ಜೋಡಿಯನ್ನು ಚಟ್ಟಗಾಂವಿನ ಯುದ್ಧಸ್ಮಶಾನದಲ್ಲಿಯೂ ಇರಿಸಿದ್ದಾರೆ. ಆ ಸ್ಮಾರಕವೆಂದರೆ ಕಂಬವಲ್ಲ, ಕಲ್ಲಲ್ಲ, ಪುಸ್ತಕ. ಪುಸ್ತಕವನ್ನು ತೆರೆದು ನೋಡುವವನಿದ್ದರೆ ಅದು ಸ್ಮಾರಕ, ಮುಚ್ಚಿಟ್ಟರೆ ದಫ್ತರು. ಅದೇ ಹಡಗಿನಲ್ಲಿ, ಅದೇ ರಾತ್ರಿ, ಅದೇ ನೀರಿನಲ್ಲಿ ಮುಳುಗಿದ ಬಿಳಿಯ ಅಧಿಕಾರಿಗಳ ಹೆಸರುಗಳಾದರೋ ಲಂಡನ್ನಿನಲ್ಲಿ ಥೇಮ್ಸ್ ನದಿಯ ಸಮೀಪದ ಟವರ್ ಹಿಲ್ ಸ್ಮಾರಕದ ಕಂಚಿನ ಫಲಕಗಳ ಮೇಲೆ, ಹಡಗು ಹಡಗಿನ ಹೆಸರಿನ ಕೆಳಗೆ, ದಾರಿಹೋಕನ ಕಣ್ಣಿಗೆ ತಾವಾಗಿಯೇ ಬೀಳುವಂತೆ ನಿಂತಿವೆ. ಇದರಲ್ಲಿ ದುರುದ್ದೇಶವನ್ನು ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ; ಅವರವರ ದೇಶದಲ್ಲಿ ಅವರವರ ನೆನಪು ಇರಲೆಂಬ ಸದುದ್ದೇಶವೇ ಇದ್ದಿರಬಹುದು. ಆದರೂ ಒಂದು ದೋಣಿಯಲ್ಲಿ ಒಂದೇ ಹಿಡಿ ಬಿಸ್ಕತ್ತನ್ನು ಹಂಚಿಕೊಂಡು ಸತ್ತವರನ್ನು ಎರಡು ಖಂಡಗಳಲ್ಲಿ ಬೇರೆ ಬೇರೆ ಪಂಕ್ತಿಗಳಲ್ಲಿ ಕೂರಿಸಿದ ಆ ವ್ಯವಸ್ಥೆಯನ್ನು ಕಂಡಾಗ, ಪಂಕ್ತಿಭೇದ ನಮ್ಮ ದೇಶದ್ದೊಂದೇ ಸೊತ್ತೆಂದು ತಿಳಿದಿದ್ದ ನನ್ನ ಅಭಿಮಾನಕ್ಕೆ ಸ್ವಲ್ಪ ಪೆಟ್ಟಾಯಿತು.

ಬಲ್ಲಾರ್ಡ್ ಎಸ್ಟೇಟಿನ ಕಡೆಗೂ ಒಂದು ಸಂಜೆ ನಡೆದೆನು. ಅದೇ ಬ್ರಿಟಿಷ್ ಇಂಡಿಯಾ ಕಂಪೆನಿಯ ಇನ್ನೊಂದು ಹಡಗು ತಿಲಾವಾ, 1942ರ ನವೆಂಬರ್ 20ರಂದು ಬೊಂಬಾಯಿಯಿಂದ ಪೂರ್ವಾಫ್ರಿಕಕ್ಕೆ ಹೊರಟು, ನವೆಂಬರ್ 23ರ ನಸುಕಿನಲ್ಲಿ ಜಪಾನಿನ ಐ-29 ಎಂಬ ಜಲಾಂತರ್ಗಾಮಿಗೆ ಬಲಿಯಾಯಿತು. ಯಾತ್ರಿಕರು, ಖಲಾಸಿಗಳು ಸೇರಿ 958 ಜನರಲ್ಲಿ 280 ಮಂದಿ ಸತ್ತರು. 678 ಮಂದಿಯನ್ನು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆಯೂ ಕಾರ್ತೇಜ್ ಎಂಬ ಹಡಗೂ ಎತ್ತಿ ತಂದವು. ಎಂಬತ್ತು ವರ್ಷಗಳ ಕಾಲ ಈ ಸಂಗತಿ ಆಯಾ ಮನೆಗಳ ತಿಥಿಯಾಗಿಯೇ ಉಳಿದಿದ್ದು, 2022ರ ನವೆಂಬರ್ 23ರಂದು ಮೊದಲಾಗಿ ಇದೇ ಬಲ್ಲಾರ್ಡ್ ಎಸ್ಟೇಟಿನಲ್ಲಿ, ನಾನಾ ದೇಶಗಳಿಂದ ಬಂದ ವಂಶಸ್ಥರು ಒಂದೆಡೆ ಕುಳಿತು ಸಾರ್ವಜನಿಕವಾಗಿ ನೆನೆದರು. ಆ ಹಡಗಿನಲ್ಲಿಯೂ ಬೆಳ್ಳಿಯಿತ್ತು: ದಕ್ಷಿಣ ಆಫ್ರಿಕದ ಟಂಕಸಾಲೆಗೆಂದು ಹೊರಟಿದ್ದ 2,364 ಗಟ್ಟಿಗಳು. ಅವುಗಳನ್ನು 2017ರಲ್ಲಿ ಮೇಲೆತ್ತಿದರು. ಯಾರಿಗೆ ಸೇರಬೇಕೆಂಬ ವ್ಯಾಜ್ಯ 2024ರಲ್ಲಿ ಬ್ರಿಟನ್ನಿನ ಪರಮೋಚ್ಚ ನ್ಯಾಯಾಲಯದವರೆಗೂ ನಡೆಯಿತು. ಬೆಳ್ಳಿಗೆ ವಾರಸುದಾರರು ಎಂದೂ ಕಡಮೆಯಾಗುವುದಿಲ್ಲ.

ಬೊಂಬಾಯಿಯನ್ನು ಬಿಡುವ ಮುನ್ನ ಬೋರಿವಿಲಿಯ ಏಕ್ಸರಿನಲ್ಲಿರುವ ವೀರಗಲ್ಲುಗಳನ್ನು ಕಾಣದೆ ಹೋಗಬಾರದೆಂದು ಅತ್ತ ತಿರುಗಿದೆನು. ಕನ್ನಡನಾಡಿನವರಿಗೆ ವೀರಗಲ್ಲು ಹೊಸದಲ್ಲ. ತುರುಗಾಳಗದಲ್ಲಿ ಬಿದ್ದವನಿಗೂ ಹುಲಿಯೊಡನೆ ಹೋರಿ ಸತ್ತವನಿಗೂ ನಮ್ಮ ಹಿರಿಯರು ಊರ ಬಾಗಿಲಲ್ಲಿ ಕಲ್ಲು ನಿಲ್ಲಿಸಿದರು. ಏಕ್ಸರಿನ ಕಲ್ಲುಗಳ ವಿಶೇಷವೇನೆಂದರೆ, ಅಲ್ಲಿ ಕೆತ್ತಿರುವುದು ಹಡಗುಗಳ ಕಾಳಗ. ಆಳೆತ್ತರವನ್ನು ಮೀರಿದ ಆ ಶಿಲೆಗಳ ಕೆಳಗಣ ಪಟ್ಟಿಗಳಲ್ಲಿ ಸಾಲುಹುಟ್ಟುಗಳ ನೌಕೆಗಳು ಒಂದನ್ನೊಂದು ಸುತ್ತುವರಿದಿವೆ. ನೀರಿಗೆ ಬೀಳುತ್ತಿರುವವರೂ ಉಂಟು. ಮೇಲಣ ಪಟ್ಟಿಗಳಲ್ಲಿ ಅದೇ ವೀರರು ಅಪ್ಸರೆಯರ ನಡುವೆ ಶಿವಸಾನ್ನಿಧ್ಯಕ್ಕೆ ಏರಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ಯುದ್ಧದ ಸ್ಮರಣೆ ಇವೆಂದು ಅನೇಕ ವಿದ್ವಾಂಸರ ಮತ. ಆ ಸೋಮೇಶ್ವರನೂ ಕಡಲಲ್ಲಿಯೇ ಮುಳುಗಿದನು. ನೀರಿನಲ್ಲಿ ಸತ್ತವನಿಗೆ ನೆಲದ ಮೇಲೆ ಕಲ್ಲು ನಿಲ್ಲಿಸುವುದು ಪಾಶ್ಚಾತ್ಯರಿಂದ ಎರವಲು ತಂದ ಆಚಾರವೆಂದು ಭಾವಿಸಿದವರು ಆ ಶಿಲೆಗಳ ಮುಂದೆ ಅರ್ಧಗಳಿಗೆ ನಿಲ್ಲಬೇಕು. ನಾನಂತೂ ನಿಂತೆನು, ಮಧ್ಯಾಹ್ನದ ಬಿಸಿಲು ನೆತ್ತಿಯನ್ನು ಸುಡುವವರೆಗೆ.

ಅಲ್ಲಿಂದ ರೈಲಿನಲ್ಲಿ ವೇರಾವಳ, ವೇರಾವಳದಿಂದ ಬಸ್ಸಿನಲ್ಲಿ ದಿಯು. ಈ ಅಡ್ಡದಾರಿಗೆ ಕಾರಣವಿತ್ತು: ಯುದ್ಧದಲ್ಲಿ ಮುಳುಗಿದ ನೌಕೆಯೊಂದಕ್ಕೆ ಸ್ವತಂತ್ರ ಭಾರತವು ಎಂಥ ಗುರುತನ್ನು ನಿಲ್ಲಿಸಿತೆಂಬುದನ್ನು ಕಣ್ಣಾರೆ ನೋಡಬೇಕಾಗಿತ್ತು. 1971ರ ಡಿಸೆಂಬರ್ 9ರ ರಾತ್ರಿ, ದಿಯುವಿನಿಂದ ಸುಮಾರು ನಲವತ್ತು ನಾವಿಕಮೈಲು ದೂರದಲ್ಲಿ, ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿಯ ಹೊಡೆತಕ್ಕೆ ನಮ್ಮ ಖುಕ್ರಿ ಮುಳುಗಿತು. ಹದಿನೆಂಟು ಅಧಿಕಾರಿಗಳೂ 176 ನಾವಿಕರೂ ಮಡಿದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ತನ್ನ ಜೀವರಕ್ಷಕ ಅಂಗಿಯನ್ನು ಇನ್ನೊಬ್ಬನಿಗೆ ಕೊಟ್ಟು, ಸಾಧ್ಯವಾದಷ್ಟು ಮಂದಿಯನ್ನು ನೀರಿಗಿಳಿಸಿ, ನೌಕೆಯೊಡನೆ ತಾನೂ ಹೋದನು. ಅವನಿಗೆ ಮರಣೋತ್ತರವಾಗಿ ಮಹಾವೀರಚಕ್ರ ಸಂದಿತು. ಚಕ್ರತೀರ್ಥದ ಬಳಿಯ ಗುಡ್ಡದ ಮೇಲೆ, ಗಾಜಿನ ಆವರಣದೊಳಗೆ ಖುಕ್ರಿಯ ಪ್ರತಿರೂಪವನ್ನಿರಿಸಿ, 1999ರ ಡಿಸೆಂಬರಿನಲ್ಲಿ ನೌಕಾಪಡೆಯವರು ಆ ಸ್ಮಾರಕವನ್ನು ಸಮರ್ಪಿಸಿದರು. ಮಡಿದವರ ಮಕ್ಕಳು ದೊಡ್ಡವರಾಗಿ ಅವರಿಗೂ ಮಕ್ಕಳಾಗುವಷ್ಟು ಕಾಲ, ಎಂದರೆ ಇಪ್ಪತ್ತೆಂಟು ವರ್ಷ, ಆ ಗುಡ್ಡ ಬರಿದಾಗಿತ್ತು. ಆಮೇಲೆ ಅದೇ ಹೆಸರನ್ನು ಹೊತ್ತ ಎರಡನೆಯ ಖುಕ್ರಿ ಸೇವೆಯಿಂದ ನಿವೃತ್ತವಾದಾಗ, ಅದನ್ನೂ 2022ರಲ್ಲಿ ದಿಯುವಿಗೇ ಒಪ್ಪಿಸಿದರು. ನೌಕಾಪಡೆಗೆ ತನ್ನವರೆಂಬ ಮಮತೆಯುಂಟು, ಕಾರ್ಯಾಲಯವುಂಟು, ದಂಡು ದಾಖಲೆಗಳುಂಟು. ತಡವಾದರೂ ಕೆಲಸ ಆಗುತ್ತದೆ. ಸರಕು ಹೊತ್ತ ಹಡಗಿನ ಖಲಾಸಿಗೆ ಇವು ಯಾವುವೂ ಇಲ್ಲ. ಅವನ ಕಂಪೆನಿ ಇನ್ನೊಂದು ಕಂಪೆನಿಯಲ್ಲಿ ಕರಗಿಹೋಯಿತು. ಅವನ ಊರು ಇಂದು ಯಾವ ದೇಶದಲ್ಲಿದೆಯೆಂಬುದೂ ವಿಭಜನೆಯ ಗೆರೆಯನ್ನು ಅವಲಂಬಿಸಿದೆ. ಸಿಲ್ಹೆಟ್ಟಿನವನಾಗಿದ್ದರೆ ಒಂದು ದೇಶ, ರತ್ನಾಗಿರಿಯವನಾಗಿದ್ದರೆ ಇನ್ನೊಂದು.

ಹಾಗಾದರೆ ಅವನಿಗೆ ಯಾರು? ಹಿಂದಿರುಗುವ ದಾರಿಯಲ್ಲಿ ಹೊನ್ನಾವರದಲ್ಲಿ ಇಳಿದು, ಶರಾವತಿಯ ಮಗ್ಗುಲಿನ ರಸ್ತೆಯಲ್ಲಿ ಘಟ್ಟದ ಬುಡದ ಗೇರುಸೊಪ್ಪೆಯ ಕಡೆಗೆ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಸುಳಿಯುತ್ತಿದ್ದುದು ಇದೊಂದೇ.

ಗೇರುಸೊಪ್ಪೆ ಒಂದು ಕಾಲದ ರಾಜಧಾನಿ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ಈ ಹೊಳೆಯಿಂದಲೇ ಕಡಲಿಗಿಳಿದು ಪರದೇಶಕ್ಕೆ ಹೋಗುತ್ತಿತ್ತು, ಪರದೇಶದ ಬೆಳ್ಳಿ ಇದೇ ಹೊಳೆಯಿಂದ ಮೇಲಕ್ಕೆ ಬರುತ್ತಿತ್ತು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯೊಂದು ಹೊಳೆಯಾಚೆಯ ಕಾಡಿನಲ್ಲಿ ಈಗಲೂ ನಿಂತಿದೆ. ಪಟ್ಟಣ ಮಾತ್ರ ಇಲ್ಲ. ಮೇಲ್ಗಡೆ ಅಣೆಕಟ್ಟು, ವಿದ್ಯುದಾಗಾರ. ಕೆಳಗಡೆ ತೆಂಗು, ಅಡಕೆ, ಒಂದೆರಡು ಚಹದಂಗಡಿ. ತನ್ನ ಹೆಸರು ಅಟ್ಲಾಂಟಿಕ್ಕಿನ ತಳದಲ್ಲಿಯೂ ಬ್ರಿಟಿಷ್ ನಾಣ್ಯದ ಅಂಚಿನಲ್ಲಿಯೂ ಇರುವುದನ್ನು ಈ ಊರು ಅರಿಯದು.

ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ, ಪ್ರಾಯ ಸಂದ ಯಜಮಾನರೊಬ್ಬರಿಗೆ ವಿಷಯವನ್ನು ತಿಳಿಸಿದೆನು. ಮೊದಲು ನಂಬಲಿಲ್ಲ.

"ನಮ್ಮೂರ ಹೆಸರಿನ ಹಡಗೇ? ಇಲ್ಲಿ ದೋಣಿ ಬಿಟ್ರೆ ಬೇರೆ ಏನೂ ಬಂದದ್ದಿಲ್ವಲ್ಲ ಮಾರಾಯ್ರೆ" ಎಂದರು.

ಹಡಗು ಇಲ್ಲಿಗೆ ಬರಲಿಲ್ಲ, ಹೆಸರು ಅಲ್ಲಿಗೆ ಹೋಯಿತು ಎಂದು ವಿವರಿಸಿದೆನು. ಬೆಳ್ಳಿಯ ಲೆಕ್ಕವನ್ನು ಕೇಳಿ ಅಂಗಡಿಯವನು ಸೌಟನ್ನು ಕೆಳಗಿಟ್ಟನು. ಯಜಮಾನರು ಮಾತ್ರ ಬೆಳ್ಳಿಯನ್ನು ಅಲ್ಲಿಗೇ ಬಿಟ್ಟು, "ಸತ್ತವರಲ್ಲಿ ನಮ್ಮ ಬದಿಯವರು ಇದ್ರಾ?" ಎಂದು ಕೇಳಿದರು.

ಇದ್ದರೆಂದು ಹೇಳಲು ನನ್ನ ಬಳಿ ಆಧಾರವಿರಲಿಲ್ಲ. ಅಂಥ ಹಡಗುಗಳಿಗೆ ಖಲಾಸಿಗಳು ಸೇರುತ್ತಿದ್ದುದು ಬಹುಮಟ್ಟಿಗೆ ಬಂಗಾಳದ ನದೀತೀರಗಳಿಂದ, ಕೊಂಕಣದಿಂದ, ಗೋವೆಯಿಂದ. ಹಾಗೆಂದೇ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ನಮ್ಮದಾದ ಮೇಲೆ ಅವ್ರೂ ನಮ್ಮವ್ರೇ ಅಂತಾಯ್ತು" ಎಂದು, ಇನ್ನೊಂದು ಚಹಾ ಹೇಳಿದರು.

ಋಣಗಳಲ್ಲಿ ದೇವಋಣ, ಋಷಿಋಣ, ಪಿತೃಋಣಗಳನ್ನು ನಾವು ಬಲ್ಲೆವು. ಹೆಸರಿನ ಋಣವೆಂಬುದೊಂದನ್ನು ಶಾಸ್ತ್ರಕಾರರು ಎಣಿಸಲಿಲ್ಲ. ಎಣಿಸಿದ್ದರೆ, ತನ್ನ ಹೆಸರನ್ನು ಮುಂಗಡೆಯಲ್ಲಿ ಬರೆದುಕೊಂಡು ಹೋಗಿ ಮುಳುಗಿದವರಿಗೆ ಒಂದು ಕಲ್ಲನ್ನು ನಿಲ್ಲಿಸುವ ಭಾರ ಈ ಊರಿನದೆಂದು ವಿಧಿಸುತ್ತಿದ್ದರೆಂದೇ ನನ್ನ ಅಭಿಪ್ರಾಯ. ಚಹಾ ಮುಗಿಯುವುದರೊಳಗೆ ಬೆಂಚಿನ ಮೇಲೆ ಆ ಕಲ್ಲಿನ ಚರ್ಚೆಯೇ ನಡೆಯಿತು. ಬಸದಿಯ ಆವರಣ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ಕೂಡದು. ಹೊಳೆಯ ದಂಡೆಯಲ್ಲಿ ನೆರೆಯ ಭಯ. ನೇತ್ರಾವತಿ 1974ರಲ್ಲಿ ಬಂಟ್ವಾಳಪೇಟೆಗೆ ನುಗ್ಗಿದ ಕತೆಯನ್ನು ಆ ಬದಿಯವನಾದ ನಾನೇ ಹೇಳಿ ಆ ಜಾಗವನ್ನು ತಳ್ಳಿಹಾಕಿಸಿದೆನು. ಹೆದ್ದಾರಿಯ ಬದಿ ಇಂದು ಇದ್ದಂತೆ ನಾಳೆ ಇರದು. ಕಡೆಗೆ, ಮಕ್ಕಳು ದಿನವೂ ಓಡಾಡುವ ಶಾಲೆಯ ಪಾಗಾರದ ಒಳಬದಿಯೇ ಲೇಸೆಂದು ಯಜಮಾನರು ತೀರ್ಮಾನಿಸಿದರು. ಕಲ್ಲನ್ನು ಹೊರಗಿನಿಂದ ತರಿಸುವುದು ಬೇಡ, ಊರಿನ ಕಲ್ಲೇ ಆಗಬೇಕೆಂದೂ ಸೇರಿಸಿದರು. ಕೆತ್ತುವವರು ಅಕ್ಷರಕ್ಕೆ ಇಷ್ಟೆಂದು ಹಣ ಕೇಳುತ್ತಾರೆ, ಎಂಬತ್ತಕ್ಕೂ ಮಿಕ್ಕ ಹೆಸರುಗಳಾದರೆ ಖರ್ಚು ಬಹಳವಾದೀತೆಂದು ಅಂಗಡಿಯವನು ಎಚ್ಚರಿಸಿದನು. ಒಟ್ಟಿಗೆ ಒಂದು ಸಂಖ್ಯೆಯನ್ನು ಕೆತ್ತಿಸಿದರೆ ಸಾಲದೆ ಎಂಬುದು ಅವನ ಸೂಚನೆ. ಯಜಮಾನರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ಉಳಿದುದು ಕ್ರಮದ ಮಾತು. ಕಪ್ತಾನನ ಹೆಸರು ಮೇಲೆ, ಅಧಿಕಾರಿಗಳದು ಅದರ ಕೆಳಗೆ, ಸಾರಂಗ, ತಂಡೇಲ, ಆಮೇಲೆ ಖಲಾಸಿ, ಕೊನೆಗೆ ಬಾಣಸಿಗ ಎಂಬ ಹಡಗಿನ ಪದ್ಧತಿಯನ್ನೇ ಕಲ್ಲಿನಲ್ಲಿಯೂ ಪಾಲಿಸಬೇಕೆ? ಬೇಡವೆಂದು ನಾನು ವಾದಿಸಿದೆನು. ಟವರ್ ಹಿಲ್ಲಿನ ಕಂಚಿನಿಂದಲೂ ಬೊಂಬಾಯಿಯ ಪುಸ್ತಕದಿಂದಲೂ ಹೆಸರುಗಳನ್ನು ಎತ್ತಿ ತಂದು, ಕನ್ನಡದ ವರ್ಣಮಾಲೆಯ ಕ್ರಮದಲ್ಲಿ, ಒಂದೇ ಗಾತ್ರದ ಅಕ್ಷರಗಳಲ್ಲಿ, ಪದವಿಗಳನ್ನು ಬಿಟ್ಟು ಬರೆಯಿಸಿದರೆ, ಅಕಾರದವರು ಮೊದಲಾಗಿ ಎಲ್ಲರೂ ತಮ್ಮ ತಮ್ಮ ಸರದಿಯಲ್ಲಿ ಬರುತ್ತಾರೆ. ಕಪ್ತಾನ ಹೈಲೆಂಡನಾದರೋ ಹಕಾರದವನಾದ್ದರಿಂದ ಪಟ್ಟಿಯ ಕೊನೆಗೆ, ತನ್ನ ಖಲಾಸಿಗಳೆಲ್ಲರೂ ಇಳಿದಾದ ಮೇಲೆ ಬರುತ್ತಾನೆ. ಹಡಗಿನ ಧರ್ಮದಲ್ಲಿಯೂ ಅವನ ಸ್ಥಾನ ಅದೇ ತಾನೆ ಎಂದು ಯಜಮಾನರು ಹೇಳಿ, ಹೆಸರುಗಳ ಪಟ್ಟಿಯನ್ನು ಕಳುಹಿಸಬೇಕಾದ ತಮ್ಮ ವಿಳಾಸವನ್ನು ಬರೆದುಕೊಡಲು ನನ್ನಿಂದ ಲೇಖನಿಯನ್ನು ಕೇಳಿದರು.